ಹದಿಮೂರನೆಯ ಬಿಲ್ಲೆ

ಏಳು ದಾರಿಗಳು ಕೂಡುವ ಗುಡ್ಡದ ನೆತ್ತಿಯಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಒಂದೇ ಒಂದು ತಂಗುಮನೆ ಇರಲಿಲ್ಲ. ಆದರೂ ಲೋಕದ ತಂಗುಮನೆಗಳೆಲ್ಲ ಅಲ್ಲಿ ಸಿಗುತ್ತಿದ್ದವು. ಊರಿನ ಅಂಚಿಗೆ ಉದ್ದನೆಯ ಗೋಡೆ, ಗೋಡೆಗೆ ನೂರೊಂದು ಗಾಜಿನ ಕಿಟಕಿ. ಗೋಡೆಯ ಆಚೆ ಕೇಳುವವರು ನಿಲ್ಲುತ್ತಿದ್ದರು, ಈಚೆ ಹೇಳುವವರು ನಿಲ್ಲುತ್ತಿದ್ದರು.

ಅಲ್ಲಿ ನಡೆಯುತ್ತಿದ್ದ ಕಟ್ಟಳೆ ಒಂದೇ. ಕೇಳುವವರು ಗಾಜಿನ ಮೇಲೆ ಒಮ್ಮೆ ಉಸಿರು ಬಿಟ್ಟು, ಎಲ್ಲಿಗೆ, ಯಾವ ದಿನ, ಎಷ್ಟು ಜನ ಎಂದು ಹೇಳಬೇಕು. ಆ ಉಸಿರಿನ ಮಬ್ಬು ಗಾಜಿನಿಂದ ಆರುವ ಮೊದಲು ಉತ್ತರ ಸಿಗಬೇಕು. ಆರಿದ ಮೇಲೆ ಬಂದ ಉತ್ತರ ಉತ್ತರವಲ್ಲ. ಕೇಳಿದವರು ಅಷ್ಟರಲ್ಲಿ ಬೆನ್ನು ತಿರುಗಿಸಿ ಮುಂದಿನ ಗುಡ್ಡದ ಊರಿನ ಕಡೆಗೆ ಹೊರಟಿರುತ್ತಾರೆ.

ತಂಗುಮನೆಗಳಾದರೋ ಒಂದು ದಿನದ ದಾರಿ, ಐದು ದಿನದ ದಾರಿ. ಅಲ್ಲಿಗೆ ಹೋಗಿ ಕೇಳಿ ಬರುವಷ್ಟು ಹೊತ್ತು ಯಾರ ಉಸಿರೂ ಗಾಜಿನ ಮೇಲೆ ನಿಲ್ಲದು. ಆದ್ದರಿಂದ ಹಲಗೆಗಳು ಹುಟ್ಟಿದವು. ಒಂದು ಮನೆಗೆ ಒಂದು ಹಲಗೆ, ಒಂದು ಹಾಸಿಗೆಗೆ ಒಂದು ಕೊಕ್ಕೆ, ಒಂದು ಕೊಕ್ಕೆಗೆ ಒಂದು ತಾಮ್ರದ ಬಿಲ್ಲೆ. ಹಾಸಿಗೆ ಅಲ್ಲಿ, ಬಿಲ್ಲೆ ಇಲ್ಲಿ. ಹೇಳುವವರು ಹಲಗೆಯನ್ನು ನೋಡುತ್ತಿದ್ದರು, ಮನೆಯನ್ನಲ್ಲ. ಬಿಲ್ಲೆ ಇದ್ದರೆ ಹಾಸಿಗೆ ಇತ್ತು. ಕಿಟಕಿಯ ಕೆಳಗಿನ ಸಂದಿಯಿಂದ ಬಿಲ್ಲೆ ಆಚೆಗೆ ಜಾರಿದರೆ ಹಾಸಿಗೆ ಹೋಯಿತು.

ಊರ ಹಿರಿಯರಿಗೆ ಬೇಕಾದ ಮನೆಗಳ ಹಲಗೆ ಕಿಟಕಿಗೆ ಹತ್ತಿರ ತೂಗುತ್ತಿತ್ತು, ಬೇಡವಾದ ಮನೆಗಳದ್ದು ಒಳಗೋಡೆಯ ಮಬ್ಬುಗತ್ತಲಲ್ಲಿ. ಉಸಿರು ಆರುವುದರೊಳಗೆ ಕೈ ಎಲ್ಲಿಗೆ ಎಟಕುತ್ತದೋ ಅಲ್ಲಿಯ ಬಿಲ್ಲೆ ಮೊದಲು ಹೋಗುತ್ತಿತ್ತು. ಆಚೆ, ಕೇಳುವವರ ಸಾಲಿನ ಹಿಂದೆ, ಹಿರಿಯರು ಇಟ್ಟ ಪಿಸುಗುಡುವವರು ಬರಿಗಾಲಲ್ಲಿ ನಡೆಯುತ್ತಿದ್ದರು. "ಒಂದೇ ಉಳಿದಿದೆ. ನಿಮ್ಮ ಹಿಂದಿನವರೂ ಅದನ್ನೇ ಕೇಳ್ತಿದಾರೆ. ಒಂದೇ ಉಳಿದಿದೆ."

ಮನೆಗಳಿಂದ ಊರಿಗೆ ಸುದ್ದಿ ತರುವವರು ಗುಡ್ಡಗಳ ಮೇಲೆ ನಿಂತ ಕೂಗುವವರು. ಸಂಜೆ, ಮನೆಯಲ್ಲಿ ಎಷ್ಟು ಹಾಸಿಗೆ ತುಂಬಿತು ಎಂಬುದನ್ನು ಮನೆಯ ಗುಡ್ಡದವನು ಕೂಗುತ್ತಿದ್ದ. ಕೇಳಿದ ಗುಡ್ಡದವನು ಕೇಳಿದ್ದನ್ನೇ ಕೂಗುತ್ತಿದ್ದ. ಗುಡ್ಡದಿಂದ ಗುಡ್ಡಕ್ಕೆ ಎಣಿಕೆಯೊಂದೇ ಬರುತ್ತಿತ್ತು. ಹೆಸರು ಬರುತ್ತಿರಲಿಲ್ಲ, ಮುಖ ಬರುತ್ತಿರಲಿಲ್ಲ.

ಈ ಗೋಡೆಯ ಈಚೆ ನೀರಿನ ಮನೆಯ ಹಲಗೆಯನ್ನು ನೋಡಿಕೊಳ್ಳುತ್ತಿದ್ದವಳು ದಫ್ತರದಮ್ಮ. ನೀರಿನ ಮನೆ ಒಂದು ದಿನದ ಇಳಿದಾರಿಯ ಕೊನೆಯಲ್ಲಿ, ದೊಡ್ಡ ಕೆರೆಯ ದಡದಲ್ಲಿ ಇತ್ತಂತೆ. ಅಲ್ಲಿ ಹನ್ನೆರಡು ಹಾಸಿಗೆ. ಬೆಳಿಗ್ಗೆ ಆಚೆ ದಡಕ್ಕೆ ಹೋಗುವ ದೋಣಿಯಲ್ಲಿ ಹನ್ನೆರಡೇ ಜಾಗ. ಹಾಸಿಗೆ ಸಿಕ್ಕವರಿಗೆ ದೋಣಿ. ಹದಿಮೂರನೆಯವರು ಹತ್ತಿದರೆ ನೀರು ದೋಣಿಯ ಅಂಚು ದಾಟುತ್ತದೆ. ದೋಣಿ ತಪ್ಪಿದವರಿಗೆ ಕೆರೆಯ ಸುತ್ತುದಾರಿ, ಹನ್ನೊಂದು ದಿನದ ನಡಿಗೆ. ಇದೆಲ್ಲ ದಫ್ತರದಮ್ಮನಿಗೆ ಬಾಯಿಪಾಠ. ಆದರೆ ನೀರಿನ ಮನೆಯನ್ನು ಅವಳು ಕಂಡವಳಲ್ಲ. ಗೋಡೆಯ ಈಚೆಯವರು ಯಾರೂ ಯಾವ ಮನೆಯನ್ನೂ ಕಂಡವರಲ್ಲ.

ದಫ್ತರದಮ್ಮ ಓದಿದವಳು. ಬಯಲಿನ ದೊಡ್ಡ ವಿದ್ಯಾಶಾಲೆಯಲ್ಲಿ ಗಣಿತ ಕಲಿತು ಪದವಿ ಪಡೆದು, ಆ ಪತ್ರವನ್ನು ಚೌಕಟ್ಟು ಹಾಕಿಸಿ ಹಲಗೆಯ ಮೇಲೆ ತೂಗುಹಾಕಿದ್ದವಳು. ಮಿಕ್ಕ ಹಲಗೆಗಳವರು ಬಿಲ್ಲೆ ಕೊಟ್ಟು ಮರೆಯುತ್ತಿದ್ದರು, ಅವಳು ಬರೆದಿಡುತ್ತಿದ್ದಳು. ಯಾರು, ಯಾವ ದಿನ, ಯಾವ ಬಿಲ್ಲೆ. ಸಂಜೆ ಕೂಗು ಬಂದ ಮೇಲೆ ಎಷ್ಟು ಜನ ಮಲಗಿದರು. ಅವಳ ಅಕ್ಷರ ದುಂಡಗೆ, ಸಾಲು ನೇರ. ಒಂದು ಹೊಡೆದು ಹಾಕಿದ ಪದವಿಲ್ಲ. ಮಗಳಂದಿರು, ಸೊಸೆಯಂದಿರು ಎಲ್ಲರೂ ಅವಳ ಕೈಕೆಳಗೇ ಕಲಿತವರು. "ಅತ್ತೆಯ ಪುಸ್ತಕದಲ್ಲಿ ಇದ್ದರೆ ಇದ್ದಂತೆ, ಇಲ್ಲದಿದ್ದರೆ ಹುಟ್ಟಿಲ್ಲದಂತೆ" ಎಂದು ಹಿರಿಯ ಸೊಸೆ ನಗುತ್ತಿದ್ದಳು. ದಫ್ತರದಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಹದಿಮೂರನೆಯ ಕೊಕ್ಕೆಯನ್ನು ಹಲಗೆಗೆ ಹೊಡೆದವಳೂ ಅವಳೇ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಹಲಗೆಗೆ ಹನ್ನೆರಡೇ ಕೊಕ್ಕೆ. ಹನ್ನೆರಡು ಬಿಲ್ಲೆ ಹೋದ ದಿನವೂ ಸಂಜೆಯ ಕೂಗು ಹನ್ನೊಂದೆಂದೇ ಬರುತ್ತಿತ್ತು. ಒಂದು ದಿನವಲ್ಲ, ಹತ್ತು ದಿನವಲ್ಲ. ಅವಳು ಮೂರು ವರ್ಷದ ಪುಟಗಳನ್ನು ತಿರುವಿ ನೋಡಿದಳು. ಬಿಲ್ಲೆ ಪಡೆದವರಲ್ಲಿ ದಿನಕ್ಕೆ ಒಬ್ಬರು ಹೋಗುವುದೇ ಇಲ್ಲ. ಯಾರಿಗೋ ಜ್ವರ, ಯಾರಿಗೋ ಮನಸ್ಸು ಬದಲು. ಅಲ್ಲಿ ಒಂದು ಹಾಸಿಗೆ ಬರಿದಾಗಿ ಬಿದ್ದಿರುತ್ತದೆ. ಇಲ್ಲಿ ಕಿಟಕಿಯಲ್ಲಿ ಯಾರೋ ಒಬ್ಬರು ಖಾಲಿ ಕೈಯಲ್ಲಿ ತಿರುಗಿ ಹೋಗಿರುತ್ತಾರೆ. ಅವಳಿಗೆ ಸಂಕಟವಾಯಿತು. ಸಂಕಟದಿಂದಲೇ ಅವಳು ಸುತ್ತಿಗೆ ಹಿಡಿದದ್ದು. ಹಿರಿಯರು ಬಂದು ಲೆಕ್ಕ ನೋಡಿ ತಲೆದೂಗಿದರು. ಅಂದಿನಿಂದ ಹನ್ನೆರಡು ಹಾಸಿಗೆಗೆ ಹದಿಮೂರು ಬಿಲ್ಲೆ. ಹದಿಮೂರನೆಯದನ್ನು ಕೊಡುವ ಕೈ ದಫ್ತರದಮ್ಮನದೇ. ಅವಳು ಕಾಯಿಲೆ ಬಿದ್ದರೆ ಮಾತ್ರ ಹಿರಿಯ ಸೊಸೆಯದು.

ಅಂದು ಸಂಜೆ ಕೂಗು ಬಂತು: ಹನ್ನೆರಡು ಮಲಗಿದರು. ಮಾರನೆಯ ದಿನ: ಹನ್ನೆರಡು ಮಲಗಿದರು. ಮಾರನೆಯ ವರ್ಷವೂ: ಹನ್ನೆರಡು. ಹದಿಮೂರು ಬಿಲ್ಲೆ ಹೋಗಿವೆ, ಹನ್ನೆರಡು ಮಲಗಿದ್ದಾರೆ. ಅಂದರೆ ಒಬ್ಬರು ಬರಲಿಲ್ಲ. ಲೆಕ್ಕ ಸರಿಹೋಯಿತು. ಬಾರದವರು ಯಾರು ಎಂದು ಎಣಿಕೆ ಹೇಳುತ್ತಿರಲಿಲ್ಲವಾದ್ದರಿಂದ ದಿನದ ಕೊನೆಯ ಹೆಸರಿನ ಮುಂದೆ "ಬರಲಿಲ್ಲ" ಎಂದು ಬರೆಯುವುದು ಪದ್ಧತಿಯಾಯಿತು. ಮನೆಯವರು ಬಾಗಿಲಲ್ಲಿ ತೆಗೆದುಕೊಂಡ ಬಿಲ್ಲೆಗಳನ್ನು ವಾರಕ್ಕೊಮ್ಮೆ ಕತ್ತೆಯ ಮೇಲೆ ಹಿಂದಕ್ಕೆ ಕಳಿಸುತ್ತಿದ್ದರು. ಅದರಲ್ಲಿ ಯಾವಾಗಲೂ ದಿನಕ್ಕೊಂದು ಕಡಿಮೆ. ಬಾರದವರು ಬಿಲ್ಲೆ ಎಲ್ಲಿ ಕೊಡುತ್ತಾರೆ ಎಂದು ಅವಳು ಕಂಚುಗಾರನಿಗೆ ಹೊಸ ಬಿಲ್ಲೆ ಹೇಳುತ್ತಿದ್ದಳು. ಹೀಗೆ ಇಪ್ಪತ್ತು ವರ್ಷ.

ಒಂದು ಬೆಳಿಗ್ಗೆ, ಸೂರ್ಯ ಗೋಡೆಗೆ ತಾಗುತ್ತಿದ್ದ ಹಾಗೆ, ಗಾಜಿನ ಮೇಲೆ ಬಿರುಸಾದ ಉಸಿರೊಂದು ಬಿತ್ತು. ಮಬ್ಬಿನ ಹಿಂದೆ ಕೆಂಪು ಸೀರೆಯಷ್ಟೇ ಕಂಡಿತು.

"ನೀರಿನ ಮನೆಗೆ. ಇವತ್ತು ಸಂಜೆಗೆ. ನಾನೊಬ್ಬಳೇ. ನಾನು ಸೂಲಗಿತ್ತಿ ಕಣ್ರವ್ವಾ. ಆಚೆ ದಡದಲ್ಲಿ ಒಂದು ಚೊಚ್ಚಲ ಬಸುರಿ, ಮಗು ಅಡ್ಡ ತಿರುಗಿದೆಯಂತೆ. ನಾಳೆಯ ದೋಣೀಗೆ ನಾನು ಹೋಗಲೇಬೇಕು."

ಹನ್ನೆರಡು ಕೊಕ್ಕೆ ಖಾಲಿಯಾಗಿದ್ದವು. ಮಬ್ಬು ಅಂಚಿನಿಂದ ಆರುತ್ತಿತ್ತು. ದಫ್ತರದಮ್ಮ ಎದ್ದು ಹದಿಮೂರನೆಯ ಬಿಲ್ಲೆಯನ್ನು ತೆಗೆದು ಸಂದಿಯಲ್ಲಿ ಜಾರಿಸಿದಳು. "ಇದೆ. ಹೋಗಿ ಬಾರಮ್ಮ" ಎಂದಳು. ಆಚೆಯ ಕೈ ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಂಡಿತು. ಓಡುವ ಹೆಜ್ಜೆಯ ಸದ್ದಾಯಿತು. ಅವಳು ಹೆಸರು ಬರೆದು ಶಾಯಿ ಆರಿಸಿದಳು.

ಬಿಸಿಲು ಕಿಟಕಿಯ ಅರ್ಧಕ್ಕೆ ಏರಿದಾಗ ಅದೇ ಗಾಜಿನ ಮೇಲೆ ಇನ್ನೊಂದು ಉಸಿರು ಬಿತ್ತು. ಇದು ನಿಧಾನದ ಉಸಿರು.

"ಎಲ್ಲಿಗೆ?" ಹಿರಿಯ ಸೊಸೆ ಕೇಳಿದಳು.

"ನೀರಿನ ಮನೆಗೆ."

"ಯಾವ ದಿನಕ್ಕೆ?"

"ಹೋದ ಹುಣ್ಣಿಮೆ ದಿನಕ್ಕೆ."

ಸೊಸೆ ಕಿಸಕ್ಕನೆ ನಕ್ಕಳು. "ಮುಗಿದ ದಿನಕ್ಕೆ ಬಿಲ್ಲೆ ಕೊಡೋಕಾಗಲ್ಲ ಅಕ್ಕ. ನಾಳೇದು, ನಾಡಿದ್ದಿಂದು ಕೇಳಿ."

"ಬಿಲ್ಲೆ ಯಾರಿಗೆ ಬೇಕು? ಆ ದಿನದ ಕೊನೆಯ ಬಿಲ್ಲೆ ನನ್ನ ಸೆರಗಿನಲ್ಲೇ ಇದೆ. ಆ ದಿನ ನನ್ನ ಹೆಸರಿನ ಮುಂದೆ ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆ, ಅದನ್ನ ಹೇಳಿ. ಮೂರು ಸಲ ಬಂದು ಹೋದೆ. ನಾನು ವಾಪಸು ಬಂದಿದೀನಿ ಅಂದರೆ, ‘ಎಲ್ಲಿಗೆ ಹೋಗಬೇಕು’ ಅಂತೀರಿ. ನನಗೆ ಅನ್ಯಾಯ ಆಗಿದೆ ಅಂದರೆ, ‘ಯಾವ ದಿನಕ್ಕೆ’ ಅಂತೀರಿ. ನಿಮಗೆ ಬೇರೆ ಮಾತೇ ಬರಲ್ಲ ಅಂತ ಗೊತ್ತಾಯಿತು. ಅದಕ್ಕೆ ಈ ಸಲ ಕೇಳೋ ಹಾಗೇ ಕೇಳಿದೀನಿ. ಉಸಿರು ಆರೋದರೊಳಗೆ ಹೇಳಬೇಕು ತಾನೆ?"

ಸೊಸೆ ಅತ್ತೆಯತ್ತ ನೋಡಿದಳು. ಕಟ್ಟಳೆ ಕಟ್ಟಳೆಯೇ. ದಫ್ತರದಮ್ಮ ಪುಟ ತಿರುವಿದಳು; ಹುಡುಕಲು ಅವಳಿಗೆ ಎರಡು ಕ್ಷಣವೂ ಬೇಕಿರಲಿಲ್ಲ. ಹುಣ್ಣಿಮೆ, ಕೊನೆಯ ಹೆಸರು.

"ಬರಲಿಲ್ಲ" ಎಂದು ಓದಿದಳು.

ಮಬ್ಬು ಪೂರ್ತಿ ಆರಿತು. ಕೇಳಿದವಳು ಹೋಗಲಿಲ್ಲ. ಮಬ್ಬು ಆರಿದ ಮೇಲೂ ನಿಂತ ಒಂದು ಮುಖವನ್ನು ದಫ್ತರದಮ್ಮ ಅದೇ ಮೊದಲು ನೋಡಿದ್ದು. ತನ್ನದೇ ವಯಸ್ಸಿನ ಹೆಂಗಸು. ಬಿಸಿಲಿಗೆ ಸುಟ್ಟ ಕೆನ್ನೆ, ಹರಿದ ಕಾಲುಬೆರಳು.

"ನಾನು ಬಂದಿದ್ದೆ," ಎಂದಳು ಮರಳಿದವಳು.

"ಬಂದಿದ್ದರೆ ಹದಿಮೂರು ಅಂತ ಕೂಗು ಬರಬೇಕಿತ್ತು. ಹನ್ನೆರಡು ಅಂತ ಬಂತು."

"ಹನ್ನೆರಡೇ ಹಾಸಿಗೆ ಇದ್ದರೆ ಹದಿಮೂರು ಜನ ಹೇಗೆ ಮಲಗ್ತಾರೆ, ತಾಯೀ? ಮಲಗಿದವರನ್ನ ಕೂಗಿದರು. ಮೆಟ್ಟಿಲ ಮೇಲೆ ಕೂತವಳನ್ನ ಯಾರು ಕೂಗ್ತಾರೆ?"

ದಫ್ತರದಮ್ಮ ಪುಸ್ತಕ ಮುಚ್ಚಲಿಲ್ಲ. ಬೆರಳು ಸಾಲಿನ ಮೇಲೇ ಇತ್ತು. ಅವಳು ಇಪ್ಪತ್ತು ವರ್ಷ ಎಣಿಸಿದವಳು. ಈ ಮಾತಿನ ಹಿಂದೆ ಏನಿದೆ ಎಂದು ತಿಳಿಯಲು ಅವಳಿಗೆ ಒಂದು ಉಸಿರೂ ಬೇಕಿರಲಿಲ್ಲ. ಆದರೆ ತಿಳಿದದ್ದನ್ನು ಒಪ್ಪಲು ಆಗಲಿಲ್ಲ. ಒಬ್ಬಳ ಮಾತು ಒಂದು ಕಡೆ, ಏಳು ಸಾವಿರದ ಮುನ್ನೂರ ಹದಿನಾಲ್ಕು ದಿನಗಳ ದಾಖಲೆ ಒಂದು ಕಡೆ.

ಆಮೇಲೆ ಕೆಂಪು ಸೀರೆ ನೆನಪಾಯಿತು. ಈ ಹೆಂಗಸು ಹೇಳುವುದು ನಿಜವಾದರೆ ಸೂಲಗಿತ್ತಿ ಈಗ ಓಡುತ್ತಿರುವುದು ಮುಚ್ಚಿದ ಬಾಗಿಲಿನ ಕಡೆಗೆ.

ಅವಳು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಅತ್ತೆ?" ಸೊಸೆ ಗಾಬರಿಯಾದಳು. ಆ ಪ್ರಶ್ನೆ ಆ ಊರಿನಲ್ಲಿ ಗೋಡೆಯ ಈಚೆಯವರನ್ನು ಯಾರೂ ಕೇಳಿರಲಿಲ್ಲ.

"ನೀರಿನ ಮನೆಗೆ. ಕಣ್ಣಾರೆ ನೋಡಿ ಬರ್ತೀನಿ."

"ನಾಳಿನ ಬಿಲ್ಲೆಗಳನ್ನ ಕೇಳೋಕೆ ಮಧ್ಯಾಹ್ನ ಜನ ಬರ್ತಾರೆ. ಹದಿಮೂರನೇದನ್ನ ಏನು ಮಾಡಲಿ? ಕೊಡಲಾ, ಬೇಡವಾ?"

ದಫ್ತರದಮ್ಮ ಹೊಸ್ತಿಲಲ್ಲಿ ನಿಂತಳು. ತಲೆಯ ಮೇಲೆ ಚೌಕಟ್ಟಿನ ಪತ್ರ ಹೊಳೆಯುತ್ತಿತ್ತು. "ನಾನು ನೋಡದೆ ಹಲಗೆ ಬದಲಾಗೋದಿಲ್ಲ. ಇದ್ದ ಹಾಗೇ ಇರಲಿ. ಕೊಡು."

ಇಳಿದಾರಿಯಲ್ಲಿ ಇಬ್ಬರು ಹೆಂಗಸರು ಒಬ್ಬರ ಹಿಂದೆ ಒಬ್ಬರು ನಡೆದರು. ಮರಳಿದವಳು ಮುಂದೆ, ದಫ್ತರದಮ್ಮ ಹಿಂದೆ. ದಾರಿ ಅವಳ ಪುಸ್ತಕದಲ್ಲಿ "ಒಂದು ದಿನ" ಎಂದಿತ್ತು. ಕಾಲಿಗೆ ಅದು ಬೇರೆ. ಕಲ್ಲು, ಮುಳ್ಳು, ನೆರಳಿಲ್ಲದ ಇಳಿಜಾರು, ಮತ್ತೆ ಕಲ್ಲು.

"ನಿಮ್ಮನ್ನ ಏನಂತ ಕರೀತಾರೆ?" ಮರಳಿದವಳು ಕೇಳಿದಳು.

"ದಫ್ತರದಮ್ಮ ಅಂತಾರೆ. ನಿಮ್ಮನ್ನ?"

"ನೀವೇ ಬರೆದಿದೀರಲ್ಲ, ‘ಬರಲಿಲ್ಲ’ ಅಂತ. ಹಾಗೇ ಕರೀರಿ."

ಆಮೇಲೆ ದಫ್ತರದಮ್ಮನೇ ಕೇಳಿದಳು, "ಆಚೆ ದಡದಲ್ಲಿ ನಿಮಗೆ ಏನು ಕೆಲಸವಿತ್ತು?"

"ನಮ್ಮಕ್ಕ ಇದ್ದಳು. ಹಾಸಿಗೆ ಹಿಡಿದಿದ್ದಳು. ಬರ್ತೀನಿ ಅಂತ ಹೇಳಿ ಕಳಿಸಿದ್ದೆ. ಬಾಗಿಲವನು ಬಿಲ್ಲೆ ನೋಡಿ, ಜಾಗ ತುಂಬಿದೆಯಮ್ಮ ಅಂದ. ಮಾರನೇ ದಿನದ ದೋಣಿಗಾದರೂ ಬಿಡಪ್ಪ ಅಂದರೆ, ನಾಳೆಯ ಬಿಲ್ಲೆ ಬೇರೆಯವರದು, ಇದು ಇವತ್ತಿಂದು ಅಂದ. ಸುತ್ತುದಾರಿ ಹಿಡಿದೆ. ಹನ್ನೊಂದು ದಿನ ನಡೆದೆ. ಅಕ್ಕ ಹೋದದ್ದು ನಾನು ಹೊರಟ ಮಾರನೇ ದಿನ. ಅವಳ ಹನ್ನೊಂದನೇ ದಿನದ ಕಾರ್ಯ ಮುಗಿದು, ಎಲೆ ಎತ್ತೋ ಹೊತ್ತಿಗೆ ಮುಟ್ಟಿದೆ."

ದಫ್ತರದಮ್ಮ ಪುಸ್ತಕವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಅದಲ್ಲ ನನಗೆ ಉರಿಯೋದು," ಮರಳಿದವಳು ತಿರುಗಿ ನೋಡದೆ ಹೇಳಿದಳು. "ಅಕ್ಕ ದೋಣಿಯವನನ್ನ ಕೇಳಿ ಕಳಿಸಿದ್ದಳಂತೆ, ನಮ್ಮ ತಂಗಿ ಬಂದಳಾ ಅಂತ. ಅವನು ಹನ್ನೆರಡು ಮುಖ ನೋಡಿ, ಬರಲಿಲ್ಲ ಅಂದನಂತೆ. ಅದನ್ನ ಕಿವಿಯಲ್ಲಿ ಇಟ್ಟುಕೊಂಡೇ ಅವಳು ಹೋದಳು. ನಿಮ್ಮ ಪುಸ್ತಕದ ಮಾತೂ ಅದೇ. ಎರಡು ದಡದಲ್ಲೂ ನಾನು ಬರಲಿಲ್ಲ. ನಡೆದ ಕಾಲು ಮಾತ್ರ ನನ್ನದು."

ಹೊತ್ತು ಇಳಿಯಿತು. ದಾರಿಯ ಕೊನೆಯ ತಿರುವಿನಲ್ಲಿ ಸುತ್ತುದಾರಿ ಬಲಕ್ಕೆ ಒಡೆಯುತ್ತಿತ್ತು. ಎಡಕ್ಕೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಕೆರೆ, ಕೆರೆಯ ದಡದಲ್ಲಿ ಮನೆ. ಮನೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮನೆಯ ಮುಂದಿನ ಕಲ್ಲು ಮೆಟ್ಟಿಲುಗಳು ನೀರಿಗೆ ಇಳಿದಿದ್ದವು. ಕೆಳಗಿನ ಮೆಟ್ಟಿಲ ಮೇಲೆ ಕೆಂಪು ಸೀರೆ ಕುಳಿತಿತ್ತು.

ಸೂಲಗಿತ್ತಿ ಮೊಣಕಾಲ ಮೇಲೆ ತಲೆ ಇಟ್ಟಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು. ಬಲಗೈ ಬಿಲ್ಲೆಯನ್ನು ಬಿಗಿಯಾಗಿ ಹಿಡಿದಿತ್ತು.

ದಫ್ತರದಮ್ಮ ಅವಳನ್ನು ಮಾತಾಡಿಸಲು ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ನೀರು ತಿಳಿಯಾಗಿತ್ತು. ಸಂಜೆಯ ಓರೆಬಿಸಿಲು ತಳದವರೆಗೆ ಇಳಿದಿತ್ತು. ತಳದಲ್ಲಿ ಮರಳಿರಲಿಲ್ಲ. ಬಿಲ್ಲೆಗಳಿದ್ದವು. ಮೇಲಿನವು ಇನ್ನೂ ಕೆಂಪಗೆ, ಅವುಗಳ ಕೆಳಗಿನವು ಕಂದು, ಇನ್ನೂ ಕೆಳಗಿನವು ಪಾಚಿಯಂತೆ ಹಸಿರು. ಒಂದರ ಮೇಲೊಂದು, ಮೆಟ್ಟಿಲಿನಿಂದ ಆಳದವರೆಗೆ.

ಬಾಗಿಲವನು ಹೊರಗೆ ಬಂದ. ಹಣ್ಣುಹಣ್ಣು ಮುದುಕ, ಸಭ್ಯ.

"ಇವೆಲ್ಲ ಏನು?" ದಫ್ತರದಮ್ಮ ನೀರಿನತ್ತ ಕೈ ತೋರಿಸಿದಳು.

"ಕೂತವರು ಎಸೆದು ಹೋಗಿದ್ದು ತಾಯಿ. ದಿನಾ ಒಬ್ಬರು ಕೂರ್ತಾರೆ. ಮೊದಲೆಲ್ಲ ಒಬ್ಬರು ಬರ್ತಿರಲಿಲ್ಲ, ಈಗ ಬಿಲ್ಲೆ ಸಿಗೋದೇ ಕಷ್ಟ ಅಂತ ಸಿಕ್ಕವರೆಲ್ಲ ಬರ್ತಾರೆ. ಅಪರೂಪಕ್ಕೆ ಒಂದು ದಿನ ಯಾರೂ ಇರಲ್ಲ. ಕೆಲವರು ಅಳ್ತಾರೆ, ಕೆಲವರು ನನಗೆ ಬೈತಾರೆ. ಬೆಳಿಗ್ಗೆ ಬಿಲ್ಲೇನ ನೀರಿಗೆ ಎಸೆದು ಸುತ್ತುದಾರಿ ಹಿಡೀತಾರೆ."

"ನೀವು ಯಾಕೆ ನಮ್ಮ ಗುಡ್ಡದ ಊರಿಗೆ ಹೇಳಿ ಕಳಿಸಲಿಲ್ಲ?"

ಬಾಗಿಲವನಿಗೆ ಆಶ್ಚರ್ಯವಾಯಿತು. "ಯಾರಿಗೆ? ಬಿಲ್ಲೆ ಕಳಿಸೋರು ನೀವು. ಹನ್ನೆರಡು ಹಾಸಿಗೆ ಅಂತ ನಿಮಗೆ ಗೊತ್ತು. ಹದಿಮೂರು ಕಳಿಸ್ತೀರಿ ಅಂದರೆ ಅದರಲ್ಲಿ ಏನೋ ಲೆಕ್ಕ ಇರುತ್ತೆ, ಓದಿದವರು ಮಾಡಿದ್ದು, ನಮಗೇನು ತಿಳಿಯುತ್ತೆ ಅಂದುಕೊಂಡಿದ್ದೆ."

ಅವಳು ಮೆಟ್ಟಿಲ ಮೇಲೆ ಕುಳಿತಳು. ಕಂಕುಳಿನ ಪುಸ್ತಕದಲ್ಲಿ ಏಳು ಸಾವಿರದ ಮುನ್ನೂರ ಹದಿನಾಲ್ಕು "ಬರಲಿಲ್ಲ"ಗಳಿದ್ದವು. ಅವರಲ್ಲಿ ನಿಜಕ್ಕೂ ಬಾರದವರು ಯಾರು, ಬಂದು ಈ ಕಲ್ಲಿನ ಮೇಲೆ ಕೂತವರು ಯಾರು ಎಂದು ಹೇಳುವ ಗುರುತು ಎಲ್ಲಿಯೂ ಇರಲಿಲ್ಲ. ಅಕ್ಷರ ದುಂಡಗಿತ್ತು. ಸಾಲು ನೇರವಾಗಿತ್ತು. ಒಂದು ಹೊಡೆದು ಹಾಕಿದ ಪದವಿರಲಿಲ್ಲ.

"ನೀವು ಕಿಟಕಿಯವರಾ?" ಸೂಲಗಿತ್ತಿ ತಲೆ ಎತ್ತಿದಳು. ದನಿ ಗುರುತು ಸಿಕ್ಕಿತ್ತು. "‘ಇದೆ, ಹೋಗಿ ಬಾರಮ್ಮ’ ಅಂದಿರಲ್ಲ. ಎಲ್ಲಿದೆ? ಆ ಹುಡುಗಿ ನಾಳೆ ಸಂಜೆ ದಾಟಲ್ಲ. ಎಲ್ಲಿದೆ ಹೇಳಿ."

ಉತ್ತರಕ್ಕೆ ಅವಳು ಕಾಯುತ್ತಿದ್ದಳು. ನಡುವೆ ಗಾಜಿರಲಿಲ್ಲ, ಆರುವ ಮಬ್ಬಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಅವಳು ಕಾಯಬಲ್ಲಳು ಎಂಬುದೇ ದಫ್ತರದಮ್ಮನಿಗೆ ತಡೆಯಲಾರದ್ದಾಗಿತ್ತು.

ಅವಳು ಎದ್ದು ಮನೆಯ ಒಳಗೆ ಹೋದಳು. ಹನ್ನೆರಡು ಜನ ಎರಡು ಸಾಲಾಗಿ ಎಲೆಯ ಮುಂದೆ ಕುಳಿತಿದ್ದರು. ಅನ್ನದ ಹಬೆ ಏಳುತ್ತಿತ್ತು.

"ನಾನು ಗುಡ್ಡದ ಊರಿನವಳು," ಎಂದಳು. "ಹನ್ನೆರಡು ಹಾಸಿಗೆಗೆ ಹದಿಮೂರು ಬಿಲ್ಲೆ ಕೊಟ್ಟವಳು. ತಪ್ಪು ನನ್ನದು. ಹೊರಗೆ ಒಬ್ಬ ಸೂಲಗಿತ್ತಿ ಕೂತಿದಾಳೆ. ಆಚೆ ಒಂದು ಜೀವದೊಳಗೆ ಇನ್ನೊಂದು ಜೀವ ಸಿಕ್ಕಿಕೊಂಡಿದೆ. ನಿಮ್ಮಲ್ಲಿ ಯಾರಾದರೂ ಒಬ್ಬರು ನಾಳಿನ ಜಾಗ ಬಿಡ್ತೀರಾ?"

ಅವಳು ಜೀವಮಾನವೆಲ್ಲ ಹೇಳಿದವಳು; ಕೇಳಿದ್ದು ಅದೇ ಮೊದಲು. ಎಲ್ಲರೂ ಎಲೆ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಒಬ್ಬಳ ಮಗಳ ಧಾರೆ ನಾಳೆ ಮಧ್ಯಾಹ್ನ. ಒಬ್ಬನ ತಂದೆಯ ಅಸ್ಥಿ ಅವನ ಚೀಲದಲ್ಲಿತ್ತು. ಒಬ್ಬ ಸೆರೆಮನೆಯಿಂದ ಬಿಡುಗಡೆಯಾಗುವ ತಮ್ಮನನ್ನು ಕರೆತರಬೇಕು. ಒಂದೂ ಸುಳ್ಳಿರಲಿಲ್ಲ. ಅವಳ ಕೈ ತಾನಾಗಿ ಪುಸ್ತಕದ ಗಂಟಿಗೆ ಹೋಯಿತು. ಯಾರ ಕಾರಣ ದೊಡ್ಡದು, ಯಾರದು ಚಿಕ್ಕದು ಎಂದು ಸಾಲು ಹಾಕಿ ನೋಡುವ ಹಳೆಯ ಚಾಳಿ. ಗಂಟು ಬಿಚ್ಚಿದಳು, ಪುಟ ತೆರೆದಳು. ಹನ್ನೆರಡು ಹೆಸರು, ಹನ್ನೆರಡು ಬಿಲ್ಲೆ. ಒಂದು ಕಾರಣವೂ ಅಲ್ಲಿರಲಿಲ್ಲ. ಕಿಟಕಿಯಲ್ಲಿ ಅವರು ಹೇಳಿದ್ದಿರಬೇಕು, ಅವಳು ಬರೆದುಕೊಂಡಿರಲಿಲ್ಲ.

ಸಾಲಿನ ಕೊನೆಯಲ್ಲಿದ್ದ ಬಳೆಗಾರ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

"ಆಚೆ ದಡದಲ್ಲಿ ನನ್ನ ಹೆಂಡತಿ ಕಾಯ್ತಿದಾಳೆ. ನಾಲ್ಕು ತಿಂಗಳಾಯಿತು ನೋಡಿ. ಇನ್ನೂ ಹನ್ನೊಂದು ದಿನ ಅಂದರೆ ಬಾಗಿಲು ತೆಗೀತಾಳೋ ಇಲ್ಲವೋ." ಅವನು ಬಾಯಿ ಒರೆಸಿಕೊಂಡ. "ಬಳೆ ಹಳಸೋದಿಲ್ಲ. ಸುತ್ತುದಾರೀಲೂ ಹಳ್ಳಿಗಳಿವೆ, ಹಳ್ಳೀಲೂ ಕೈಗಳಿವೆ. ಹೋಗಲಿ ಬಿಡಿ, ಆ ತಾಯಿ ಕೂರಲಿ ನನ್ನ ಜಾಗದಲ್ಲಿ. ಆದರೆ ಒಂದು ಮಾತು. ನೀವು ಬರೆಯೋರು ಅಂತ ಕಾಣುತ್ತೆ. ನನ್ನ ಹೆಸರಿನ ಮುಂದೆ ಏನು ಬರೀತೀರಿ?"

ಪುಸ್ತಕದಲ್ಲಿ ಎರಡೇ ಮಾತುಗಳಿಗೆ ಜಾಗವಿತ್ತು. ಮಲಗಿದರು, ಬರಲಿಲ್ಲ. ದಫ್ತರದಮ್ಮ ಅಂಚಿನಲ್ಲಿ, ಗೀಟಿನ ಆಚೆ, ಇಕ್ಕಟ್ಟಾದ ಅಕ್ಷರದಲ್ಲಿ ಬರೆದಳು: ಬಂದರು. ಜಾಗ ಬಿಟ್ಟುಕೊಟ್ಟರು. ಗಟ್ಟಿಯಾಗಿ ಓದಿ ಹೇಳಿದಳು.

"ಸರಿ," ಎಂದ ಬಳೆಗಾರ. "ಇದನ್ನ ನನ್ನ ಹೆಂಡತಿಗೆ ತೋರಿಸೋ ಹಾಗಿದ್ದರೆ ಚೆನ್ನಾಗಿತ್ತು."

ಆಮೇಲೆ ಅವಳು ಹುಣ್ಣಿಮೆಯ ಪುಟ ತೆಗೆದು ಮರಳಿದವಳ ಮುಂದೆ ಹಿಡಿದಳು. "ಬರಲಿಲ್ಲ" ಎಂಬುದನ್ನು ಒಂದು ಗೀಟಿನಲ್ಲಿ ಹೊಡೆದಳು. ಪಕ್ಕದಲ್ಲಿ ಬರೆದಳು: ಬಂದಿದ್ದಳು.

ಮರಳಿದವಳು ಶಾಯಿ ಆರುವವರೆಗೆ ನೋಡಿದಳು. "ಅಕ್ಕನಿಗೆ ಓದು ಬರ್ತಿರಲಿಲ್ಲ" ಎಂದಳು, ಅಷ್ಟೇ.

ಹೊರಗೆ ಮನೆಯ ಗುಡ್ಡದ ಮೇಲೆ ಕೂಗುವವನು ಎದ್ದು ನಿಂತಿದ್ದ. ದಫ್ತರದಮ್ಮ ಏದುಸಿರು ಬಿಡುತ್ತ ಮೇಲೆ ಹತ್ತಿದಳು.

"ಹದಿಮೂರು ಬಂದರು ಅಂತ ಕೂಗಪ್ಪ."

"ಬಂದರು ಅನ್ನೋ ಕೂಗು ನಮ್ಮಲ್ಲಿಲ್ಲ ಅಮ್ಮ. ಮಲಗಿದರು ಅನ್ನೋದೊಂದೇ. ನಮ್ಮಪ್ಪನೂ ಅದನ್ನೇ ಕೂಗಿದ್ದು."

"ಹಾಗಾದರೆ ನಾನು ಕೂಗ್ತೀನಿ."

"ಕೂಗಿ. ಬಾಯಿ ನಿಮ್ಮದು."

ಅವಳು ಎಂದೂ ದನಿ ಎತ್ತಿದವಳಲ್ಲ. ಮೊದಲ ಸಲ ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡನೆಯ ಸಲ ಕೆರೆಯ ಹಕ್ಕಿಗಳು ಎದ್ದವು. "ಹದಿಮೂರು ಬಂದರು! ಹನ್ನೆರಡು ಮಲಗಿದರು! ಹದಿಮೂರನೆಯ ಬಿಲ್ಲೆ ಕೊಡಬೇಡಿ!" ಮುಂದಿನ ಗುಡ್ಡ ಸುಮ್ಮನಿತ್ತು. ಹೊಸ ಕೂಗು, ಹೆಂಗಸಿನ ದನಿ. ಅಲ್ಲಿಯವನು ನಂಬಬೇಕೋ ಬೇಡವೋ ಎಂದು ನಿಂತಿದ್ದಿರಬೇಕು. ಬಹಳ ಹೊತ್ತಿನ ಮೇಲೆ, ಕೇಳಿದ್ದನ್ನೇ ಕೂಗುವುದು ಅವನ ಧರ್ಮವಾದ್ದರಿಂದ, ಅವನು ಕೂಗಿದ. ಅದರಾಚೆಯ ಗುಡ್ಡ ಕೂಗಿತು. ಅದರಾಚೆಯದು ಕೇಳಿಸಿಯೂ ಕೇಳಿಸದಂತೆ ಕೂಗಿತು.

ಬೆಳಿಗ್ಗೆ ದೋಣಿ ಹೊರಟಿತು. ಹನ್ನೆರಡು ಜನ, ನಡುವೆ ಕೆಂಪು ಸೀರೆ. ಸೂಲಗಿತ್ತಿ ತಿರುಗಿ ನೋಡಲಿಲ್ಲ. ಅವಳ ಕಣ್ಣೆಲ್ಲ ಆಚೆ ದಡದ ಮೇಲಿತ್ತು. ಬಳೆಗಾರ ಬಳೆಗಳ ಮಲಾರವನ್ನು ಹೆಗಲಿಗೇರಿಸಿ, ಏರು ಹತ್ತಿ, ತಿರುವಿನಲ್ಲಿ ಬಲಕ್ಕೆ ಹೋದ. ಬಳೆಯ ಕಿಣಿಕಿಣಿ ಸ್ವಲ್ಪ ಹೊತ್ತು ಕೇಳಿಸಿತು.

"ನೀವಿನ್ನು ಊರಿಗೆ ಹೋಗ್ತೀರಾ?" ಮರಳಿದವಳು ಕೇಳಿದಳು.

"ಕೂಗು ಮುಟ್ಟಿದ್ದು ನಿನ್ನೆ ಸಂಜೆ," ದಫ್ತರದಮ್ಮ ಹೇಳಿದಳು. "ಇವತ್ತಿನ ಬಿಲ್ಲೆ ಹೋದದ್ದು ನಿನ್ನೆ ಮಧ್ಯಾಹ್ನ. ಕೊಡು ಅಂತ ನಾನೇ ಹೇಳಿ ಬಂದಿದ್ದೆ. ನಿಮ್ಮ ಮಾತು ಆಗಲೇ ನಂಬಿದ್ದರೆ ಆ ಹದಿಮೂರನೇದು ಹೋಗ್ತಿರಲಿಲ್ಲ."

ಮರಳಿದವಳು ಇದಕ್ಕೆ ಚುಚ್ಚಲಿಲ್ಲ. ಮೆಟ್ಟಿಲ ಮೇಲೆ ಜಾಗ ಮಾಡಿಕೊಂಡು ಅವಳ ಪಕ್ಕ ಕುಳಿತಳು.

ಮಧ್ಯಾಹ್ನದಿಂದ ಒಬ್ಬೊಬ್ಬರೇ ಇಳಿದು ಬಂದರು. ಬಾಗಿಲವನು ಬಿಲ್ಲೆ ತೆಗೆದುಕೊಂಡ, ದಫ್ತರದಮ್ಮ ಪ್ರತಿಯೊಬ್ಬರನ್ನೂ ಏಕೆ ಹೋಗುತ್ತಿದ್ದೀರಿ ಎಂದು ಕೇಳಿ ಬರೆದುಕೊಂಡಳು. ಎಂಟು. ಹತ್ತು. ಒಬ್ಬರು ಬಾರದೇ ಇರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಬರೆದ ಆ ಮಾತು ಒಂದು ಸಲ, ಈ ಒಂದು ಸಲ ನಿಜವಾಗಲಿ. ಹನ್ನೊಂದು. ಹನ್ನೆರಡು. ಒಂದು ಜಾಗವಾದರೂ ಬಿಡುವಿರಾ ಎಂದು ಹನ್ನೆರಡು ಜನರನ್ನೂ ಕೇಳಿ ಆಗಿತ್ತು. ಇಂದು ಬಳೆಗಾರನಿರಲಿಲ್ಲ.

ಬಿಸಿಲು ಹಳದಿಯಾದಾಗ ಮೇಲೆ ತಿರುವಿನಲ್ಲಿ ಒಬ್ಬ ಕಾಣಿಸಿಕೊಂಡ. ಬೆನ್ನಿಗೆ ಒಂದು ಮಗುವನ್ನು ಕಟ್ಟಿಕೊಂಡಿದ್ದ. ಮನೆ ಕಂಡದ್ದೇ ಅವನ ನಡಿಗೆ ಚುರುಕಾಯಿತು. ಬಿಲ್ಲೆಯನ್ನು ಎತ್ತಿ ಹಿಡಿದು ಇವರಿಗೆ ಕಾಣುವಂತೆ ಆಡಿಸಿದ; ಬಿಸಿಲಿಗೆ ಅದು ಮಿಂಚಿತು.

ದಫ್ತರದಮ್ಮ ಎದ್ದಳು. ನಿನ್ನೆಯ ನಡಿಗೆಗೆ ಮೊಣಕಾಲು ಊದಿಕೊಂಡಿದ್ದವು. ಅವನಿಗೆ ಕೊಡಲು ಅವಳಲ್ಲಿ ಹಾಸಿಗೆ ಇರಲಿಲ್ಲ. ಸುತ್ತುದಾರಿ ಒಡೆಯುವುದು ಆ ತಿರುವಿನಲ್ಲೇ. ಕೆಳಗಿಳಿದರೆ ಅವನು ಮಗುವನ್ನು ಹೊತ್ತು ಅಷ್ಟನ್ನೂ ಮತ್ತೆ ಹತ್ತಬೇಕು. ಅವನು ಇಳಿಯಬೇಕಾದ ಹೆಜ್ಜೆಗಳಾದರೂ ಕಡಿಮೆಯಾಗಲೆಂದು ಅವಳು "ನಿಲ್ಲಪ್ಪಾ, ಅಲ್ಲೇ ನಿಲ್ಲು, ನಾನೇ ಬರ್ತೀನಿ" ಎಂದು ಕೂಗುತ್ತ, ಒಂದು ಕೈ ನೆಲಕ್ಕೂರಿ, ಏರು ಹತ್ತತೊಡಗಿದಳು.